ಬೆಂಗಳೂರಿನ ಹೊರವಲಯದಲ್ಲಿ ಬಾಣಂತನ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಎಂದೊಡನೆ ಗಾಜಿನ ಸೌಧಗಳೂ ಕಾರ್ಖಾನೆಗಳೂ ಕಣ್ಮುಂದೆ ಬರುವ ಈ ಕಾಲದಲ್ಲಿ, ಕಾಡುಗೋಡಿ, ವರ್ತೂರು, ದೊಡ್ಡತೋಗೂರು, ಕೋನಪ್ಪನ ಅಗ್ರಹಾರಗಳು ರಾಗಿಯ ಹೊಲಗಳ ನಡುವಣ ಊರುಗಳಾಗಿದ್ದುವೆಂಬುದನ್ನೂ, ಅಲ್ಲಿಯ ಮನೆಗಳಲ್ಲಿ ಗಾಳಿ ಬೆಳಕು ಕಡಿಮೆಯಾದ ಮೂಲೆಯೊಂದು ಬಾಣಂತಿಗೆಂದೇ ಮೀಸಲಾಗುತ್ತಿತ್ತೆಂಬುದನ್ನೂ ಸ್ಮರಿಸುವವರು ವಿರಳ.

ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳಿಗೆ ಶಿಶುಪಾಲನೆಯ ವಿದ್ಯೆ ಮೊದಲೇ ಕರಗತವಾಗಿರಬೇಕೆಂದು ಯಾರೂ ಬಯಸುತ್ತಿರಲಿಲ್ಲ. ಹೆರಿಗೆ ಮಾಡಿಸುವವಳು ಸೂಲಗಿತ್ತಿ. ಚಾಚಿದ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆಯೊತ್ತಿ, ನೀರೆರೆದು, ಸಾಂಬ್ರಾಣಿಯ ಹೊಗೆ ಹಿಡಿಯುವವಳು ಅಜ್ಜಿ. ಬಜೆ ತೇಯ್ದು ಕೊಡುವವಳು ಸೋದರತ್ತೆಯೋ ನೆರೆಯವಳೋ. ಮೆಣಸಿನ ಸಾರಿನ ಬಿಸಿಯನ್ನವನ್ನೂ ಅಂಟಿನುಂಡೆಯನ್ನೂ ಮುಂದಿಡುವವಳು ತಾಯಿ. ಬಾಣಂತಿಯ ಪಾಲಿಗೆ ಉಳಿಯುತ್ತಿದ್ದುದು ಹಾಲೂಡಿಸುವುದು, ಮಲಗುವುದು. ಚರಕಸಂಹಿತೆಯ ಶಾರೀರಸ್ಥಾನವು ಸೂತಿಕಾಗಾರದ ಪರಿಚಾರಿಕೆಯರನ್ನು ವರ್ಣಿಸುವಾಗ, ಅನೇಕ ಸಲ ಹೆತ್ತವರೂ ಸ್ನೇಹಶೀಲೆಯರೂ ವಿಷಾದವನ್ನು ತೊರೆದವರೂ ಕ್ಲೇಶಸಹಿಷ್ಣುಗಳೂ ಆದ ಸ್ತ್ರೀಯರು ಬಳಿಯಲ್ಲಿರಬೇಕೆನ್ನುತ್ತದೆ. ನೈಪುಣ್ಯವನ್ನು ಅದು ಸುತ್ತಲಿನವರಿಂದ ಅಪೇಕ್ಷಿಸಿತೆಂಬುದು ನನಗೆ ಬಹು ಮುಖ್ಯವಾಗಿ ತೋರುತ್ತದೆ.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಅಜ್ಜಿಯಿಂದ ಈ ವಿದ್ಯೆಯನ್ನು ಕಲಿತು, ಪ್ರತಿಫಲವನ್ನು ಬಯಸದೆ 15,000ಕ್ಕೂ ಮಿಗಿಲಾದ ಹೆರಿಗೆಗಳನ್ನು ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರ್ 25ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅಂತಹ ಕೈಗಳಿಗೆ ನಾಡು ಋಣಿಯಾಗಿದೆ.

ಆದರೆ ಆ ಕಾಲವನ್ನು ಸುವರ್ಣಯುಗವೆಂದು ಕೊಂಡಾಡಲಾರೆ. ದಾಹಗೊಂಡವಳಿಗೆ ನೀರು ಕೊಡದ ಪಥ್ಯವೂ, ಪುರುಡಿನ ನೆವದಲ್ಲಿ ಹಸಿಮೈಯವಳನ್ನು ಕೂಸಿನೊಡನೆ ಕಾಡುಗೊಲ್ಲರ ಹಟ್ಟಿಯ ಹೊರಗಣ ಗುಡಿಸಲಿನಲ್ಲಿರಿಸುವ ಕಟ್ಟಳೆಯೂ ಈ ಸಂಪ್ರದಾಯದವೇ. ನಂಜೇರಿ, ಬಾಣಂತಿ ಸನ್ನಿ ಹಿಡಿದು ಅಸುನೀಗಿದವರೆಷ್ಟೋ. 1935ರಲ್ಲಿ ಆರಂಭವಾದ ವಾಣಿವಿಲಾಸ ಆಸ್ಪತ್ರೆಯಂತಹ ಸಂಸ್ಥೆಗಳು ತಾಯಂದಿರ ಪ್ರಾಣ ಉಳಿಸಿದುವು. ಸಿಸೇರಿಯನ್ನಿನಿಂದ ಬದುಕಿ ಬಂದವಳು 'ಸಹಜವಾಗಿ ಹೆರಲಿಲ್ಲ'ವೆಂದು ಇಂದು ಕೊರಗುವುದನ್ನು ಕಂಡರೆ ಮನಸ್ಸು ನೋಯುತ್ತದೆ.

1882ರಲ್ಲಿ ಆಂಗ್ಲೋ-ಇಂಡಿಯನ್ನರ ಕೃಷಿನೆಲೆಯಾಗಿ ಹುಟ್ಟಿದ ವೈಟ್‌ಫೀಲ್ಡು ಶತಮಾನಾನಂತರ ಐ.ಟಿ. ನಗರವಾಯಿತು, ಪೀಣ್ಯದಲ್ಲಿ ಯಂತ್ರಗಳೂ ಸಿದ್ಧ ಉಡುಪಿನ ಕಾರ್ಖಾನೆಗಳೂ ತುಂಬಿದುವು, ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ತನ್ನ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗರ ಕನಸಿನಂತೆ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ರೂಪಿಸಿತು. ದುಡಿಯಲು ಬಂದವರ ತವರು ಮಾತ್ರ ಹಿಂದೆಯೇ ಉಳಿಯಿತು. ಹತ್ತು ಕೈಗಳಿಗೆ ಹಂಚಿದ್ದ ಕೆಲಸವೆಲ್ಲ ಹದಿನಾಲ್ಕನೆಯ ಅಂತಸ್ತಿನ ಒಬ್ಬಳ ಮೇಲೆ, ಅಥವಾ ಪೀಣ್ಯದ ಬಳಿಯ ಲಗ್ಗೆರೆಯ ಒಂಟಿಕೋಣೆಯ ಒಬ್ಬಳ ಮೇಲೆ ಬಿದ್ದಿತು. ಬಿದ್ದುದಷ್ಟೇ ಅಲ್ಲ, ಹಾಲು ಸಾಲದಿದ್ದರೆ, ಕೂಸಿನ ತೂಕ ಏರದಿದ್ದರೆ, ಮೈಕಟ್ಟು ಮೊದಲಿನಂತಾಗದಿದ್ದರೆ ಅದು ಅವಳದೇ ಲೋಪವೆಂಬ ಭಾವನೆಯೂ ಜೊತೆಗೆ ಬಂದಿತು. ಹೀಗೆ ಒಬ್ಬಳೇ ಸರ್ವಸಂಪನ್ನಳಾಗಬೇಕೆಂಬ ಪರಿಪೂರ್ಣತೆಯ ಹಂಬಲವನ್ನು ಪ್ರಾಚೀನ ಮಾತೃಧರ್ಮವೆಂದು ಭ್ರಮಿಸಬಾರದು. ಈ ಬಡಾವಣೆಗಳಷ್ಟೇ ಅದೂ ಹೊಸದು. ಲಂಡನ್ನಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್, 'ಸಾಕಷ್ಟು ಒಳ್ಳೆಯವಳಾದ ತಾಯಿ' ಎಂಬ ಭಾವನೆಯನ್ನು 1953ರ ತಮ್ಮ ಪ್ರಬಂಧದಲ್ಲಿ ನಿರೂಪಿಸಿ, ತಾಯಿಯು ಮಗುವಿನ ಬೆಳವಣಿಗೆಗನುಸಾರವಾಗಿ ಸ್ವಲ್ಪಸ್ವಲ್ಪವೇ ಕೊರತೆ ಮಾಡುವುದು ಅದರ ಮನಸ್ಸಿಗೆ ಹಿತವೆಂದು ಹೇಳಿದರು.

1961ರ ಹೆರಿಗೆ ಸೌಲಭ್ಯ ಕಾಯಿದೆ 12 ವಾರಗಳ ರಜೆಯನ್ನು ಕೊಟ್ಟಿತ್ತು. 2017ರ ತಿದ್ದುಪಡಿಯಿಂದ ಮೊದಲೆರಡು ಮಕ್ಕಳಿಗೆ ಅದು 26 ವಾರಗಳಾಗಿ, 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾಗೃಹವೂ ಕಡ್ಡಾಯವಾಯಿತು. ಆದರೂ ರಜೆ ತೀರಿದ ಬಳಿಕ ಕೂಸನ್ನು ಊರಿನ ಅಜ್ಜಿಯ ಬಳಿ ಬಿಟ್ಟು ಗಾರ್ಮೆಂಟ್ಸಿಗೆ ಮರಳುವ ತಾಯಂದಿರಿದ್ದಾರೆ. ಅವರನ್ನು ಕಲ್ಲೆದೆಯವರೆನ್ನುವ ನೆರೆಹೊರೆ ಅನ್ಯಾಯ ಮಾಡುತ್ತಿದೆ. ಮೊಮ್ಮಕ್ಕಳು ಅಜ್ಜಿಯ ತೊಡೆಯ ಮೇಲೆ ಬೆಳೆಯುವುದು ಈ ಸೀಮೆಗೆ ಕಾರ್ಖಾನೆಗಳಿಗಿಂತ ಹಳೆಯ ರೂಢಿ.