ಮಗ್ಗಕ್ಕೂ ಮನೆಗೂ ನಡುವೆ

ವಾರಾಹೀ ನದಿಯ ದಡದ ಬಸರೂರು ಒಂದು ಕಾಲದಲ್ಲಿ ದ್ವೀಪಾಂತರಗಳಿಗೂ ಹೆಸರುಗೊಂಡ ಪಟ್ಟಣವಾಗಿತ್ತು. 16ನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಲೇಖಕನಾದ ಬಾರ್ಬೋಸನು ಇಲ್ಲಿಂದ ಹಡಗುಗಳಲ್ಲಿ ಸಾಗುತ್ತಿದ್ದ ಅಕ್ಕಿಯನ್ನು ವಿಶೇಷವಾಗಿ ಉಲ್ಲೇಖಿಸಿರುವನು. ಆ ಅಕ್ಕಿಯ ಆಸೆಯೇ 1569ರಲ್ಲಿ ಪೋರ್ಚುಗೀಸರ ಕೋಟೆಯನ್ನು ಇಲ್ಲಿಗೆ ತಂದಿತೆನ್ನಬಹುದು. ಗದ್ದೆಯಲ್ಲಿ ದುಡಿದ ಒಕ್ಕಲಿಗೂ ದೂರದೇಶದಲ್ಲಿ ಆ ಅನ್ನವನ್ನುಂಡವನಿಗೂ ಪರಸ್ಪರ ಪರಿಚಯವಿರಲಿಲ್ಲ. ಅವರಿಬ್ಬರ ನಡುವೆ ಬಂದರು ಬೆಳೆಯಿತು.

ನಿತ್ಯೋಪಯೋಗದ ಸೀರೆಯ ವ್ಯವಹಾರ ಹೀಗಿರಲಿಲ್ಲ. ಬ್ರಹ್ಮಾವರ, ಉಡುಪಿಗಳ ಸುತ್ತ ಶೆಟ್ಟಿಗಾರರ ಮಗ್ಗಗಳಿದ್ದುವು. ಉಡುವವರಿಗೂ ನೇಯುವವರಿಗೂ ಮುಖಪರಿಚಯವಿತ್ತು. ಹಾಸು ಸಡಿಲವಾದರೆ ನೇಕಾರನ ಜಗಲಿಯಲ್ಲಿಯೇ ಅದರ ನ್ಯಾಯ. ಗಿರಣಿಯ ನೂಲು ಬಂದ ಮೇಲೆ ಈ ಸಂಬಂಧಕ್ಕೆ ಬಿರುಕು ಬಿದ್ದಿತು. ನೂಲನ್ನು ಮುಂಗಡವಾಗಿ ಕೊಟ್ಟವನೇ ಬಟ್ಟೆಗೂ ಒಡೆಯನಾದನು. ನೇಕಾರನಿಗೆ ಕೂಲಿ ಮಾತ್ರ ಉಳಿಯಿತು. ಅತ್ತ ಮಂಗಳೂರಿನಲ್ಲಿ 1851ರಲ್ಲಿ ಬಂದ ಬಾಸೆಲ್ ಮಿಶನ್ನಿನ ಹಾಲರನು ನೇಯ್ಗೆಯನ್ನೂ ಬಣ್ಣದ ಕೆಲಸವನ್ನೂ ಕಾರ್ಖಾನೆಯ ರೂಪಕ್ಕೆ ತಂದನು. ಖಾಕಿ ಬಣ್ಣದ ಕೀರ್ತಿ ಅವನಿಗೆ ಸಲ್ಲುವುದೆಂಬ ಪ್ರತೀತಿಯುಂಟು. ಮನೆಮಗ್ಗದವನಿಗೆ ಅದರಿಂದ ಲಾಭವೇನಾಯಿತೆಂದು ಕೇಳಿದವರು ಕಡಮೆ.

ಮುಂದೆ ನೇಕಾರರ ಸಹಕಾರ ಸಂಘಗಳು ಹುಟ್ಟಿದುವು. ಸಂಘವೇ ನೂಲನ್ನು ಕೊಟ್ಟು, ಸೀರೆಯನ್ನು ಕೊಂಡು, ತನ್ನ ಅಂಗಡಿಯಲ್ಲಿಯೇ ಮಾರುವುದರಿಂದ ಸಾಹುಕಾರನ ಹಿಡಿತ ಸಡಿಲಿತು. ಆದರೆ ವಿದ್ಯುನ್ಮಗ್ಗದ ಅಗ್ಗದ ಅನುಕರಣೆಯೊಡನೆ ಸೆಣಸುವುದು ಸುಲಭವಾಗಲಿಲ್ಲ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಶಾಸನವೂ ಅದನ್ನು ಪೂರ್ತಿ ತಡೆಯಲಿಲ್ಲ.

2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಲೆಂದು ಹುಟ್ಟಿದ ಫ್ಲಿಪ್‌ಕಾರ್ಟ್, 2013ರಲ್ಲಿ ಭಾರತದಲ್ಲಿ ತನ್ನ ಮಾರುಕಟ್ಟೆಯನ್ನು ತೆರೆದ ಅಮೆಜಾನ್, ಇವು ಕೊಳ್ಳುವವರ ಅಭ್ಯಾಸವನ್ನೇ ಮಾರ್ಪಡಿಸಿದುವು. ಊರು ಬಿಟ್ಟವರಿಗೆ ಅವು ಅನುಕೂಲವೆಂಬುದು ನಿಜ. ಆದರೆ ಚಿತ್ರದಲ್ಲಿ ಕೈಮಗ್ಗದ ಸೀರೆಯೂ ಯಂತ್ರದ ಸೀರೆಯೂ ಒಂದೇ ಬಗೆಯಾಗಿ ಹೊಳೆಯುವುವು. ಸಾವಿರ ಸೀರೆಗಳ ವ್ಯಾಪಾರಿಗೆ ಮರಳಿಬಂದ ಒಂದು ಸೀರೆ ಲೆಕ್ಕಕ್ಕಿಲ್ಲ. ಒಂದೇ ಮಗ್ಗದವನಿಗೆ ಅದು ಕೆಲವು ದಿನಗಳ ಕೂಲಿ.

ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಗುರುತು ದೊರೆತು ಹೆಸರಿಗೆ ರಕ್ಷಣೆಯಾಯಿತು. 2018ರಿಂದ ಕದಿಕೆ ಟ್ರಸ್ಟು ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದೊಡನೆ ಸೇರಿ, ನೇಯ್ದವರ ಹೆಸರನ್ನೂ ಭಾವಚಿತ್ರವನ್ನೂ ಸೀರೆಯ ಚೀಟಿಯಲ್ಲಿ ಮುದ್ರಿಸುವ ಪದ್ಧತಿಯನ್ನು ತಂದಿತು. ಬಸರೂರಿನ ಅಕ್ಕಿಗೆ ಎಂದೂ ಇಲ್ಲದಿದ್ದ ಗುರುತು ಇದು. ಆ ಚೀಟಿಗಳ ಭಾವಚಿತ್ರಗಳಲ್ಲಿ ನರೆತ ತಲೆಗಳೇ ಹೆಚ್ಚು.