ತವರಿನ ಒಡವೆ, ಹೆಣ್ಣಿನ ಒಡೆತನ

ಧಾರೆ ಮುಗಿದು, ಹೆಣ್ಣು ಒಪ್ಪಿಸುವ ಶಾಸ್ತ್ರಕ್ಕೆ ಎಲ್ಲರೂ ಅಣಿಯಾಗುವ ಹೊತ್ತಿಗೆ ಮದುವೆ ಮನೆಯ ಒಂದು ಬದಿಯಲ್ಲಿ ಬೇರೆಯದೇ ಸಡಗರ ನಡೆದಿರುತ್ತದೆ. ಬೀರು, ಮಂಚ, ಹಿತ್ತಾಳೆ ಕೊಳಗ, ಸ್ಟೀಲ್ ಪಾತ್ರೆ, ಬೆಳ್ಳಿಯ ದೀಪಗಳು ಒಂದೊಂದಾಗಿ ವಾಹನ ಏರುತ್ತವೆ. ಒಡವೆಗಳು ಮದುಮಗಳ ಮೈಮೇಲಿರುತ್ತವೆ. ಸಂಜೆಯೊಳಗೆ ಎಲ್ಲವೂ ಗಂಡನ ಮನೆ ಸೇರುತ್ತವೆ. ನಾಲ್ಕು ದಿನ ಕಳೆದರೆ ಒಡವೆಗಳು ಅತ್ತೆಯ ಬೀರುವಿಗೋ ಬ್ಯಾಂಕಿನ ಲಾಕರಿಗೋ ಹೋಗುತ್ತವೆ. ಅಲ್ಲಿಂದ ಮುಂದೆ ಅವು ಯಾರ ಆಸ್ತಿ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಕೇಳುವ ಕಾಲ ಬಂದಾಗ ಸಂಸಾರ ಮುರಿದುಬಿದ್ದಿರುತ್ತದೆ.

ಈ ಪ್ರಶ್ನೆಗೆ ಉತ್ತರ ಹುಡುಕಲು ಈಗಿನ ಕಾನೂನು ಪುಸ್ತಕಗಳನ್ನೇ ತೆರೆಯಬೇಕಾಗಿಲ್ಲ. ಮದುವೆಯಲ್ಲಿ ಹೆಣ್ಣಿಗೆ ಕೊಟ್ಟದ್ದು ಹೆಣ್ಣಿನದೇ ಎಂದು ಧರ್ಮಶಾಸ್ತ್ರಗಳು ಬಹು ಹಿಂದೆಯೇ ಹೇಳಿವೆ. ಅದಕ್ಕೆ ಅವು ಕೊಟ್ಟ ಹೆಸರು ‘ಸ್ತ್ರೀಧನ’. ಕನ್ನಡನಾಡಿನಲ್ಲಿ ಮದುವೆಯ ಹೊತ್ತಿಗೆ ಮಗಳಿಗೆ ಕೊಡುವ ದನ, ಪಾತ್ರೆ, ಒಡವೆಗಳಿಗೆ ‘ಬಳುವಳಿ’ ಎಂಬ ಹಳೆಯ ಮಾತಿದೆ. ಅರಿಶಿನ ಕುಂಕುಮದ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಜಮೀನು ಬರೆದುಕೊಡುವ ರೂಢಿಯೂ ಉಂಟು.

ಮನುಸ್ಮೃತಿ ಆರು ಬಗೆಯ ಸ್ತ್ರೀಧನವನ್ನು ಹೆಸರಿಸುತ್ತದೆ. ವಿವಾಹದ ಅಗ್ನಿಯ ಎದುರು ಕೊಟ್ಟದ್ದು ‘ಅಧ್ಯಗ್ನಿ’, ತವರಿನಿಂದ ಗಂಡನ ಮನೆಗೆ ಹೊರಡುವಾಗ ಕೊಟ್ಟದ್ದು ‘ಅಧ್ಯಾವಾಹನಿಕ’. ಗಂಡ ಪ್ರೀತಿಯಿಂದ ಕೊಟ್ಟದ್ದು ಇನ್ನೊಂದು. ತಾಯಿ, ತಂದೆ, ಅಣ್ಣತಮ್ಮಂದಿರು ಕೊಟ್ಟದ್ದು ಉಳಿದ ಮೂರು. ಹೆಂಡತಿ ಗಳಿಸಿದ್ದು ಗಂಡನಿಗೇ ಸೇರುತ್ತದೆ ಎಂದು ಬೇರೊಂದೆಡೆ ಹೇಳುವ ಗ್ರಂಥವೂ ಇದೇ. ಹೆಣ್ಣಿಗೆ ಹೊರಗಿನ ಎಲ್ಲ ಬಾಗಿಲುಗಳನ್ನೂ ಮುಚ್ಚಿದ್ದ ವ್ಯವಸ್ಥೆ, ಮದುವೆಯ ಸಂದರ್ಭದಲ್ಲಿ ಮಾತ್ರ ಒಂದು ಕಿಂಡಿಯನ್ನು ತೆರೆದಿಟ್ಟಿತ್ತು ಎನ್ನಬಹುದು.

ಆ ಕಿಂಡಿಗೆ ಕಾವಲೂ ಇತ್ತು. ಗಂಡ, ಮಗ, ತಂದೆ, ಸೋದರ ಯಾರಿಗೂ ಸ್ತ್ರೀಧನದ ಮೇಲೆ ಅಧಿಕಾರವಿಲ್ಲ, ಬಲಾತ್ಕಾರದಿಂದ ತೆಗೆದುಕೊಂಡವನು ಬಡ್ಡಿ ಸಹಿತ ಹಿಂದಿರುಗಿಸಬೇಕು ಎಂಬುದು ಕಾತ್ಯಾಯನನ ನಿಯಮ. ಬರಗಾಲ, ಧರ್ಮಕಾರ್ಯ, ಕಾಯಿಲೆ, ಸೆರೆ ಇಂಥ ಸಂಕಟಗಳಲ್ಲಿ ಗಂಡ ಬಳಸಿದ್ದನ್ನು ಹಿಂದಿರುಗಿಸಬೇಕಾಗಿಲ್ಲ ಎಂದು ಯಾಜ್ಞವಲ್ಕ್ಯ ವಿನಾಯಿತಿ ಕೊಡುತ್ತಾನೆ. ಆದರೆ ವಿನಾಯಿತಿ ಕೊಡಬೇಕಾಗಿ ಬಂದದ್ದೇ ಆ ಆಸ್ತಿ ಗಂಡನದಲ್ಲ ಎಂಬುದಕ್ಕೆ ಸಾಕ್ಷಿ.

ಕಲ್ಯಾಣದ ವ್ಯಾಖ್ಯಾನ

ಸ್ತ್ರೀಧನದ ಅರ್ಥವನ್ನು ಅತ್ಯಂತ ವಿಶಾಲವಾಗಿ ಹಿಗ್ಗಿಸಿದ ಕೀರ್ತಿ ಕನ್ನಡ ನೆಲಕ್ಕೆ ಸಲ್ಲುತ್ತದೆ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಮೂಲ ಶ್ಲೋಕ ಸ್ತ್ರೀಧನದ ಬಗೆಗಳನ್ನು ಎಣಿಸಿ ಕೊನೆಯಲ್ಲಿ ‘ಆದ್ಯ’, ಅಂದರೆ ‘ಮುಂತಾದುವು’ ಎನ್ನುತ್ತದೆ. ವಿಜ್ಞಾನೇಶ್ವರ ಹಿಡಿದುಕೊಂಡದ್ದು ಈ ಒಂದು ಪದವನ್ನು. ವಾರಸಾಗಿ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಸಿಕ್ಕಿದ್ದು ಎಲ್ಲವೂ ಈ ‘ಮುಂತಾದುವು’ಗಳಲ್ಲಿ ಸೇರುತ್ತವೆ ಎಂದು ಆತ ಬರೆದ. ‘ಸ್ತ್ರೀಧನ’ ಎಂಬುದು ಕಟ್ಟುಪಾಡಿನ ಪರಿಭಾಷೆಯಲ್ಲ, ಸ್ತ್ರೀಯ ಧನವೆಲ್ಲವೂ ಸ್ತ್ರೀಧನವೇ ಎಂಬುದು ಅವನ ನೇರ ವಾದ.

ಆ ಆಸ್ತಿ ಯಾರಿಗೆ ಹೋಗಬೇಕು ಎಂಬಲ್ಲಿಯೂ ಮಿತಾಕ್ಷರಾ ಹೆಣ್ಣಿನ ಪರವಾಗಿದೆ. ತಾಯಿಯ ಸ್ತ್ರೀಧನ ಮೊದಲು ಮದುವೆಯಾಗದ ಮಗಳಿಗೆ, ಆಮೇಲೆ ಮದುವೆಯಾಗಿಯೂ ಬಡತನದಲ್ಲಿರುವ ಮಗಳಿಗೆ, ನಂತರ ಅನುಕೂಲವಂತ ಮಗಳಿಗೆ ಸಲ್ಲಬೇಕು. ಗಂಡುಮಕ್ಕಳ ಸರದಿ ಬರುವುದು ಹೆಣ್ಣುಸಂತತಿಯ ನಂತರವೇ. ತಂದೆಯ ಹೊಲ ಮಗನಿಗಾದರೆ ತಾಯಿಯ ಒಡವೆ ಮಗಳಿಗೆ ಎಂಬ ರೂಢಿಗೆ ಹೀಗೆ ಶಾಸ್ತ್ರದ ಆಧಾರವೂ ಇತ್ತು.

ಕಿರಿದಾದ ಅರ್ಥ

ಈ ವಿಶಾಲ ಅರ್ಥ ಬ್ರಿಟಿಷರ ನ್ಯಾಯಾಲಯಗಳಲ್ಲಿ ಉಳಿಯಲಿಲ್ಲ. 1810ರಲ್ಲಿ ಕೋಲ್‌ಬ್ರೂಕ್ ಮಿತಾಕ್ಷರಾದ ದಾಯಭಾಗವನ್ನು ಇಂಗ್ಲಿಷಿಗೆ ತಂದ ಮೇಲೆ ಅದು ನ್ಯಾಯಾಧೀಶರ ಕೈಪಿಡಿಯಾಯಿತು. ಆದರೂ ಗಂಡನಿಂದ ವಾರಸಾಗಿ ಬಂದ ಆಸ್ತಿ ಸ್ತ್ರೀಧನವಲ್ಲ ಎಂದು 1867ರಲ್ಲಿ ಲಂಡನ್ನಿನ ಪ್ರೀವಿ ಕೌನ್ಸಿಲ್ ತೀರ್ಪಿತ್ತಿತು. ವಿಧವೆ ಅದನ್ನು ಬದುಕಿರುವ ತನಕ ಅನುಭವಿಸಬಹುದು, ಮನಬಂದಂತೆ ಮಾರುವಂತಿಲ್ಲ, ಅವಳ ನಂತರ ಅದು ಗಂಡನ ಕಡೆಯ ವಾರಸುದಾರರಿಗೆ ಹೋಗಬೇಕು ಎಂಬ ‘ಸೀಮಿತ ಹಕ್ಕು’ ಗಟ್ಟಿಯಾಯಿತು. ಮುಂಬಯಿ ಪ್ರಾಂತ್ಯದಲ್ಲಿ ಮಾತ್ರ, ತಂದೆಯಿಂದ ಮಗಳಿಗೆ ಬಂದ ಆಸ್ತಿ ಅವಳ ಸ್ವಂತದ್ದೆಂಬ ಉದಾರ ಸಂಪ್ರದಾಯ ಉಳಿಯಿತು. ಧಾರವಾಡ, ಬೆಳಗಾವಿ, ವಿಜಾಪುರದ ಹೆಣ್ಣುಮಕ್ಕಳು ಆ ಪ್ರಾಂತ್ಯಕ್ಕೆ ಸೇರಿದ್ದರು.

ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆಯನ್ನು ಜಾರಿಗೆ ತಂದು ಸ್ತ್ರೀಧನ ಯಾವುದೆಂದು ಸ್ಪಷ್ಟವಾಗಿ ಬರೆಯಿತು. ಬ್ರಿಟಿಷ್ ಇಂಡಿಯಾ ವಿಧವೆಯರಿಗೆ ಆಸ್ತಿಯ ಹಕ್ಕು ಕೊಡುವ ಕಾಯ್ದೆ ತಂದದ್ದು ಅದಾದ ನಾಲ್ಕು ವರ್ಷಗಳ ನಂತರ. ಅದೂ ಸೀಮಿತ ಹಕ್ಕೇ. ಕೊನೆಗೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮು, ಹಿಂದೂ ಮಹಿಳೆಯ ಸ್ವಾಧೀನದಲ್ಲಿರುವ ಆಸ್ತಿಗೆ ಸಾಮಾನ್ಯವಾಗಿ ಅವಳೇ ಪೂರ್ಣ ಒಡತಿ ಎಂದು ಸಾರಿತು. ವಿಜ್ಞಾನೇಶ್ವರ ಹೇಳಿದ್ದ ಮಾತಿಗೆ ಕಾನೂನು ಮರಳಿ ಬರಲು ಎಂಟು ಶತಮಾನಗಳಿಗೂ ಹೆಚ್ಚು ಕಾಲ ಹಿಡಿಯಿತು.

ವರದಕ್ಷಿಣೆಯ ನೆರಳು

ಅಷ್ಟರಲ್ಲಿ ಮದುವೆಯ ಕೊಡುಕೊಳ್ಳುವಿಕೆಯೇ ಬದಲಾಗಿತ್ತು. ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಗಂಡಿನ ಕಡೆಯವರೇ ಹೆಣ್ಣಿನ ಕಡೆಯವರಿಗೆ ‘ತೆರ’ ಕೊಡುವ ಪದ್ಧತಿಯಿತ್ತು. ಆಧುನಿಕ ವರದಕ್ಷಿಣೆಯನ್ನು ಹಳೆಯ ಸ್ತ್ರೀಧನದ ಮುಂದುವರಿಕೆ ಎನ್ನಲಾಗದು, ಅದು ಇಂಗ್ಲಿಷ್ ವಿದ್ಯೆ, ಸರ್ಕಾರಿ ನೌಕರಿ, ಹಣದ ವ್ಯವಹಾರಗಳ ಜೊತೆ ಬೆಳೆದದ್ದು ಎಂದು ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1980ರ ದಶಕದಲ್ಲಿ ವಾದಿಸಿದರು. ಸ್ತ್ರೀಧನ ಹೆಣ್ಣಿಗೆ ಕೊಟ್ಟದ್ದು, ವರದಕ್ಷಿಣೆ ಹೆಣ್ಣಿನ ನೆಪದಲ್ಲಿ ಗಂಡಿನ ಮನೆ ಪಡೆದದ್ದು. ಎರಡೂ ಒಂದೇ ವಾಹನದಲ್ಲಿ ಸಾಗುವುದರಿಂದ ವ್ಯತ್ಯಾಸ ಮಸುಕಾಯಿತು.

ಈ ಗೊಂದಲ ನ್ಯಾಯಾಲಯವನ್ನೂ ಮುಟ್ಟಿತು. ಗಂಡನ ಮನೆಯ ಹೊಸ್ತಿಲು ದಾಟಿದ ಮೇಲೆ ಸ್ತ್ರೀಧನ ದಂಪತಿಗಳ ಜಂಟಿ ಸೊತ್ತಿನಂತೆ ಎಂಬರ್ಥದ ತೀರ್ಪನ್ನು 1982ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ನೀಡಿತ್ತು. 1985ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಹುಮತದಿಂದ ತಳ್ಳಿಹಾಕಿತು. ಒಡವೆ ಗಂಡನ ವಶದಲ್ಲಿದ್ದರೆ ಅದು ನಂಬಿ ಒಪ್ಪಿಸಿದ್ದು, ಕೇಳಿದಾಗ ಕೊಡದಿದ್ದರೆ ಕ್ರಿಮಿನಲ್ ನಂಬಿಕೆದ್ರೋಹ ಎಂಬುದು ಅದರ ಸಾರ. ಅದೇ ವರ್ಷ, ಮದುವೆಯಲ್ಲಿ ಬಂದ ಉಡುಗೊರೆಗಳ ಪಟ್ಟಿಯನ್ನು ಬರೆದು ಸಹಿ ಮಾಡಿಡಬೇಕೆಂಬ ನಿಯಮವೂ ಬಂತು. ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ, ಬೇರೆಯವರು ಪಡೆದ ವರದಕ್ಷಿಣೆಯನ್ನೂ ಮೂರು ತಿಂಗಳೊಳಗೆ ಹೆಣ್ಣಿಗೇ ಒಪ್ಪಿಸಬೇಕು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ, ಸ್ತ್ರೀಧನ ಹಿಂದಿರುಗಿಸುವಂತೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದು.

ಇಷ್ಟಾದರೂ ವ್ಯಾಜ್ಯ ನಿಂತಿಲ್ಲ. ತವರಿನವರು ಕೊಟ್ಟ 89 ಪವನ್ ಚಿನ್ನವನ್ನು ಮದುವೆಯ ಮೊದಲ ರಾತ್ರಿಯೇ ಗಂಡ ಜೋಪಾನಕ್ಕೆಂದು ತನ್ನ ತಾಯಿಯ ಕೈಗೆ ಕೊಟ್ಟನೆಂದು ಕೇರಳದ ಮಹಿಳೆಯೊಬ್ಬರು ನ್ಯಾಯಾಲಯದ ಮೆಟ್ಟಿಲೇರಿದ್ದರು. ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಅವರಿಗೆ 25 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಕಷ್ಟಕಾಲದಲ್ಲಿ ಗಂಡ ಬಳಸಬಹುದು, ಆದರೆ ಹಿಂದಿರುಗಿಸುವ ನೈತಿಕ ಹೊಣೆ ಅವನದು ಎಂದು ಹೇಳಿತು. ಅದೇ ವರ್ಷ ಆಗಸ್ಟ್‌ನಲ್ಲಿ ಮತ್ತೊಂದು ಪ್ರಕರಣದಲ್ಲಿ, ಮಗಳ ಒಪ್ಪಿಗೆಯಿಲ್ಲದೆ ತಂದೆಯೂ ಅವಳ ಸ್ತ್ರೀಧನವನ್ನು ಕೇಳುವಂತಿಲ್ಲ ಎಂದಿತು. ಕಾತ್ಯಾಯನನ ಪಟ್ಟಿಯಲ್ಲಿ ಗಂಡನ ಜೊತೆ ತಂದೆಯ ಹೆಸರೂ ಇದ್ದುದನ್ನು ಇಲ್ಲಿ ನೆನೆಯಬಹುದು.

ಸ್ತ್ರೀಧನಕ್ಕೆ ತವರಿನಲ್ಲಿ ಇನ್ನೊಂದು ಅರ್ಥವನ್ನೂ ಹಚ್ಚಲಾಗುತ್ತದೆ. ‘ಮದುವೆಯಲ್ಲಿ ಕೊಟ್ಟಾಯಿತಲ್ಲ, ಇನ್ನೇನು ಪಾಲು?’ ಎನ್ನುವ ಮಾತು ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಡಲು 1994ರಲ್ಲಿ ಕರ್ನಾಟಕ ತಂದ ತಿದ್ದುಪಡಿ ಕೂಡ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ಅಳಿಸಿತು. ಮದುವೆಯ ಉಡುಗೊರೆ ಬೇರೆ, ಹುಟ್ಟಿನಿಂದ ಬಂದ ಹಕ್ಕು ಬೇರೆ.

ಹೀಗೆ ಶಾಸ್ತ್ರ ಮತ್ತು ಕಾನೂನು ಎರಡರಲ್ಲೂ ಹೆಣ್ಣಿನ ಒಡೆತನಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ಕೀಲಿಕೈಯಲ್ಲಿ. ಲಾಕರು ಯಾರ ಹೆಸರಿನಲ್ಲಿದೆ, ಚಿನ್ನದಂಗಡಿಯ ರಸೀದಿ ಎಲ್ಲಿದೆ, ಉಡುಗೊರೆಯ ಪಟ್ಟಿಯನ್ನು ಯಾರಾದರೂ ಬರೆದಿಟ್ಟಿದ್ದಾರೆಯೇ ಎಂಬ ಸಣ್ಣ ಸಂಗತಿಗಳು ದೊಡ್ಡ ಹಕ್ಕನ್ನು ನಿರ್ಧರಿಸುತ್ತವೆ. ಶುಭಕಾರ್ಯದ ನಡುವೆ ಪಟ್ಟಿ ಬರೆಯುವುದು ಅಪನಂಬಿಕೆ ಎಂದು ಸಂಕೋಚಪಡುವವರಿದ್ದಾರೆ. ಆದರೆ ಅದೇ ಚಪ್ಪರದಲ್ಲಿ ಯಾರು ಎಷ್ಟು ಮುಯ್ಯಿ ಹಾಕಿದರೆಂದು ಪುಸ್ತಕದಲ್ಲಿ ಹೆಸರು ಸಹಿತ ಬರೆದಿಡಲು ಯಾರೂ ಸಂಕೋಚಪಡುವುದಿಲ್ಲ. ಆ ಪುಸ್ತಕದಲ್ಲಿಯೇ ಮದುಮಗಳ ಹೆಸರಿಗೂ ಒಂದು ಪುಟ ಮೀಸಲಿಟ್ಟರೆ ಸಾಕು.