ಒಂಬತ್ತನೇ ಕ್ಲಾಸಿಗೆ ಗೃಹಭಂಗ ಬೇಕಾ?

ಬ್ಲಾಗಿನ ಕಡೆ ಬಂದು ಬಹಳ ದಿನವಾಯ್ತು. ಆಫೀಸು, ರಿಲೀಸು, ಅದೂ ಇದೂ... ಇವತ್ತು ಬರೀಲೇಬೇಕು ಅನ್ನಿಸಿದ್ದು ಅಕ್ಕನ ಹತ್ತಿರ ಬೈಸಿಕೊಂಡಿದ್ದರಿಂದ!

2025ರ ಸೆಪ್ಟೆಂಬರಿನಲ್ಲಿ ಭೈರಪ್ಪನವರು ತೀರಿಕೊಂಡಾಗ ನನ್ನ ಹಳೇ 'ಗೃಹಭಂಗ'ವನ್ನು ಮತ್ತೆ ಓದಲು ತೆಗೆದಿದ್ದೆ. ದಸರಾ ರಜೆಗೆ ಆಲೂರಿನ ಹತ್ತಿರದ ನಮ್ಮೂರಿಗೆ ಹೋದಾಗ ಅದು ಬ್ಯಾಗಿನಲ್ಲೇ ಇತ್ತು. ಒಂಬತ್ತನೇ ಕ್ಲಾಸಿನ ಅಕ್ಕನ ಮಗಳು ಎತ್ತಿಕೊಂಡಳು. ಮೂರನೇ ದಿನ ರಾತ್ರಿ ಊಟಕ್ಕೆ ಬರಲಿಲ್ಲ. ಹೋಗಿ ನೋಡಿದರೆ, ನಂಜಮ್ಮನ ಇಬ್ಬರು ಮಕ್ಕಳು ಪ್ಲೇಗಿನಲ್ಲಿ ಸಾಯುವ ಭಾಗ ಓದಿ ಅಳುತ್ತಾ ಕೂತಿದ್ದಾಳೆ.

"ಬರೀ ಸಾವು, ಬೈಗುಳ, ಹೊಡೆದಾಟ. ಈ ವಯಸ್ಸಿನ ಹುಡುಗಿ ಓದೋ ಪುಸ್ತಕವೇನೋ ಇದು?" ಅಂತ ಅಕ್ಕ ಅದನ್ನು ಕಿತ್ತು ಬೀರುವಿನ ಮೇಲಿಟ್ಟಳು.

ಮಾರನೇ ದಿನ ಎಲ್ಲರೂ ಸಕಲೇಶಪುರದ ಮಂಜರಾಬಾದ್ ಕೋಟೆಗೆ ಹೋದೆವು. ಟಿಪ್ಪು ಕಟ್ಟಿಸಿದ ನಕ್ಷತ್ರದಾಕಾರದ ಕೋಟೆ. ಅಲ್ಲಿ ಕೂತು ಮಕ್ಕಳಿಗೆ ಐಗೂರಿನ ಪಾಳೆಯಗಾರ ವೆಂಕಟಾದ್ರಿ ನಾಯಕನ ಕಥೆ ಹೇಳಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೂ ಬಲಂ ಸೀಮೆಯ ಈ ಕಾಡುಗಳಲ್ಲಿ ಆತ ತಲೆಬಾಗಲಿಲ್ಲ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಅದೇ ಆರ್ಥರ್ ವೆಲ್ಲೆಸ್ಲಿ ಇಲ್ಲಿಗೆ ದಂಡು ತಂದ. 1802ರಲ್ಲಿ ನಾಯಕನನ್ನು ಹಿಡಿದು ನೇಣಿಗೆ ಹಾಕಿದರು. ಅಕ್ಕನ ಎಂಟು ವರ್ಷದ ಮಗನೂ ಬಾಯಿಬಿಟ್ಟುಕೊಂಡು ಕೇಳಿದ. ಅಕ್ಕ ಬೇಡ ಅನ್ನಲಿಲ್ಲ!

ಯಾಕೆ ಅಂತ ಯೋಚಿಸಿದೆ. ಇತಿಹಾಸದಲ್ಲಿ ನೇಣು ಒಂದು ಸಾಲಿನಲ್ಲಿ ಮುಗಿದುಹೋಗುತ್ತೆ. ಸತ್ತವನ ಮನೆಯಲ್ಲಿ ಆ ರಾತ್ರಿ ಏನಾಯ್ತು ಅಂತ ನಾವು ಕೇಳೋದಿಲ್ಲ. ಕಾದಂಬರಿ ನಮ್ಮನ್ನು ಆ ಮನೆಯೊಳಕ್ಕೇ ಕರೆದುಕೊಂಡು ಹೋಗಿ ಕೂರಿಸುತ್ತೆ. ದೊಡ್ಡವರಿಗೆ ಭಯ ಅದಕ್ಕೇ.

ಈ ಜಗಳ ಹೊಸದೇನಲ್ಲ. ನಮ್ಮ ಪಕ್ಕದ ಅರಕಲಗೂಡನ್ನು ಹೆಸರಿನಲ್ಲೇ ಇಟ್ಟುಕೊಂಡಿದ್ದ ಅ.ನ.ಕೃ. ವೇಶ್ಯೆಯರ ಬದುಕಿನ ಬಗ್ಗೆ 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಬರೆದಾಗ ಅಶ್ಲೀಲ ಅಂತ ದೊಡ್ಡ ಗಲಾಟೆಯಾಗಿತ್ತು. ಅವರು ಸುಮ್ಮನಿರಲಿಲ್ಲ, 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಅಂತ ಒಂದು ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಅವತ್ತು ಕಾಮದ ಭಯ, ಇವತ್ತು ಸಾವಿನ ಭಯ, ಅಷ್ಟೇ.

'ಗೃಹಭಂಗ' ಬಂದದ್ದು 1970ರಲ್ಲಿ. ಬರೆದವರು ನಮ್ಮದೇ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರು, 1931ರಲ್ಲಿ ಹುಟ್ಟಿದವರು. ಎಳವೆಯಲ್ಲೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡವರು. ಅಂದರೆ, ಹುಡುಗಿ ಓದಬಾರದು ಅಂತ ಬೀರುವಿನ ಮೇಲಿಟ್ಟ ಸಂಕಟವನ್ನು ಒಬ್ಬ ಹುಡುಗ ಅನುಭವಿಸಿಯೇ ಬಿಟ್ಟಿದ್ದ!

ಹಾಗಂತ ಅಕ್ಕನದು ಪೂರ್ತಿ ತಪ್ಪು ಅಂತಲೂ ಹೇಳಲಾರೆ. ನಾನು ಇದನ್ನು ಹದಿನೈದರಲ್ಲಿ ಹಾಸ್ಟೆಲಿನಲ್ಲಿ ಓದಿದ್ದೆ. ವಾರಗಟ್ಟಲೆ ನಿದ್ದೆ ಬರಲಿಲ್ಲ. ಮನೆಯವರೆಲ್ಲ ಸತ್ತುಹೋದಂತೆ ಕನಸು. ಯಾರಿಗೂ ಹೇಳಲಿಲ್ಲ, ಹುಡುಗರು ನಗ್ತಾರೆ ಅಂತ. ಈಗ ಅನ್ನಿಸೋದು, ನನ್ನನ್ನು ಹೆದರಿಸಿದ್ದು ಪುಸ್ತಕವಲ್ಲ, ಅದನ್ನು ಒಬ್ಬನೇ ಹೊತ್ತುಕೊಂಡಿದ್ದು. ಹುಡುಗಿಗೆ ಪುಸ್ತಕ ಬಿಟ್ಟುಕೊಟ್ಟು ಮೂರು ದಿನ ಏನನ್ನೂ ಕೇಳದೆ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ನನ್ನದೂ ತಪ್ಪೇ.

ಅದನ್ನೇ ಅಕ್ಕನಿಗೆ ಹೇಳಿದೆ. ಏನೂ ಮಾತಾಡಲಿಲ್ಲ. ಬೆಂಗಳೂರಿಗೆ ಹೊರಡುವ ದಿನ ಪುಸ್ತಕ ಹುಡುಕಿದರೆ ಬೀರುವಿನ ಮೇಲಿಲ್ಲ.

"ಅಮ್ಮ ಓದ್ತಿದಾಳೆ ಮಾಮ. ಅವಳದ್ದಾದ ಮೇಲೆ ನಂಗಂತೆ" ಅಂದಳು ಹುಡುಗಿ.

ಬಿಟ್ಟು ಬಂದಿದ್ದೇನೆ. ನೀವು ಆ ವಯಸ್ಸಿನಲ್ಲಿ ಓದಿ ಹೆದರಿದ ಪುಸ್ತಕ ಯಾವುದು? ಆಗ ಯಾರ ಹತ್ತಿರವಾದರೂ ಹೇಳಿಕೊಂಡಿದ್ರಾ?